ಯಾರ ಬೆವರಿನ ಮೇಲೆ ಈ ವಾಗ್ದಾನ?

ನಮ್ಮೂರುಗಳಲ್ಲಿ ಹೊಲಿಗೆ ಬಲ್ಲವರಿಗೆ ಬರವಿಲ್ಲ. ಗಂಡನನ್ನು ಕಳೆದುಕೊಂಡವಳು, ಹತ್ತನೆಯ ತರಗತಿಗೇ ಓದು ಬಿಟ್ಟ ಹುಡುಗಿ, ಗಲ್ಫ್‌ನಿಂದ ಬರಿಗೈಯಲ್ಲಿ ಮರಳಿದ ಟೈಲರ್ - ಇವರನ್ನೆಲ್ಲ ಒಂದೇ ಸೂರಿನಡಿ ಸೇರಿಸಿ ಶಾಲಾ ಸಮವಸ್ತ್ರ, ನೈಟಿ, ಬುರ್ಖಾ ಹೊಲಿಸುವ ಪುಟ್ಟ ಕಾರ್ಖಾನೆ ತೆರೆಯಬಾರದೇಕೆ ಎಂಬ ಆಲೋಚನೆ ಒಳ್ಳೆಯದೇ. ಬಳ್ಳಾರಿಯ ಹೆಸರು ಜೀನ್ಸ್ ಪ್ಯಾಂಟಿನೊಂದಿಗೆ ಬೆಸೆದುಕೊಂಡದ್ದು ಇಂಥ ಸಣ್ಣ ಘಟಕಗಳಿಂದ, ಮನೆಮನೆಯ ದುಡಿಮೆಯಿಂದ. ಆದರೆ ಯಂತ್ರಕ್ಕೆ, ಬಟ್ಟೆಗೆ, ಬಾಡಿಗೆಗೆ ಹಣ ಬೇಕು. ಹಣವುಳ್ಳವರ ಬಾಗಿಲು ತಟ್ಟಬೇಕು. ವ್ಯಾಪಾರದ ಪ್ರಶ್ನೆ ಅಲ್ಲಿಂದ ನೀತಿಯ ಪ್ರಶ್ನೆಯೂ ಆಗುತ್ತದೆ. ಹಣ ಕೊಟ್ಟವರಿಗೆ ಕೊಡುವ ಮಾತನ್ನು ನಾವು ಯಾರ ಬೆವರಿನಿಂದ ಉಳಿಸಿಕೊಳ್ಳುತ್ತೇವೆ?

ಬಾಗಿಲು ತೆರೆದವರು ಮೊದಲು ಕೇಳುವುದು, 'ತಿಂಗಳಿಗೆ ಎಷ್ಟು ಕೊಡುತ್ತೀರಿ?' ಎಂದು. ಸಿದ್ಧ ಉಡುಪಿನ ವ್ಯಾಪಾರ ತಿಂಗಳ ಸಂಬಳದಂತೆ ನಡೆಯುವುದಿಲ್ಲ. ಸಮವಸ್ತ್ರಕ್ಕೆ ಮೇ-ಜೂನ್, ಹೊಸ ಬಟ್ಟೆಗೆ ರಂಝಾನ್, ದೀಪಾವಳಿ. ಬಟ್ಟೆಯ ಸಗಟು ವ್ಯಾಪಾರಿ ನಗದು ಕೇಳುತ್ತಾನೆ, ಅಂಗಡಿಯವನು ಉದ್ದರಿ ಹೇಳುತ್ತಾನೆ. ನಡುವೆ ನಮ್ಮ ಹಣ ಗೋದಾಮಿನಲ್ಲಿ ಮಲಗಿರುತ್ತದೆ. ಇಂಥ ಏರಿಳಿತದ ಆದಾಯದಿಂದ ಪ್ರತಿ ತಿಂಗಳೂ ಇಷ್ಟೇ ಮೊತ್ತ ಎಂದು ಮಾತು ಕೊಟ್ಟವರಿಗೆ, ಸುಗ್ಗಿಯಿಲ್ಲದ ತಿಂಗಳಲ್ಲಿ ಎರಡು ಅಡ್ಡದಾರಿಗಳು ಕಾಣುತ್ತವೆ.

ಹೊಸಬರ ಹಣದಿಂದ ಹಳಬರಿಗೆ ಕೊಡುವುದು ಮೊದಲನೆಯದು. ಬಡ್ಡಿಯಲ್ಲ, ಲಾಭದ ಪಾಲು ಎಂದು ನಂಬಿಸಿ ಹಣ ಸಂಗ್ರಹಿಸಿದ್ದ ಬೆಂಗಳೂರಿನ ಐಎಂಎ ಸಂಸ್ಥೆ 2019ರ ಜೂನ್‌ನಲ್ಲಿ ಕುಸಿದಾಗ ಹತ್ತಾರು ಸಾವಿರ ಮಂದಿ ಬೀದಿಗೆ ಬಂದರು. ಮಗಳ ಮದುವೆಗೆ ಕೂಡಿಟ್ಟದ್ದೂ ಅದರಲ್ಲಿತ್ತು.

ಎರಡನೆಯದು ಪತ್ರಿಕೆಗಳಿಗೆ ಸುದ್ದಿಯಾಗುವುದಿಲ್ಲ. ಕಾಜಾ-ಗುಂಡಿಯವಳ ಪೀಸ್ ರೇಟನ್ನು ಎಂಟಾಣೆ ಇಳಿಸುವುದು, ಹೆಚ್ಚಿನ ಗಂಟೆಗಳನ್ನು ಲೆಕ್ಕಕ್ಕೆ ಹಿಡಿಯದಿರುವುದು, 'ಪಾರ್ಟಿಯಿಂದ ದುಡ್ಡು ಬಂದಿಲ್ಲಮ್ಮ' ಎಂದು ಸಂಬಳ ಮುಂದೂಡುವುದು. ಇದಕ್ಕೆ ನಾವು ವ್ಯವಹಾರ ಜಾಣ್ಮೆಯೆಂದು ಹೆಸರಿಟ್ಟಿದ್ದೇವೆ.

ಬಂಡವಾಳ ಹಂಚಿಕೊಳ್ಳುವ ಹಳೆಯ ಕ್ರಮವೊಂದು ನಮಗೆ ಗೊತ್ತಿದೆ. ಇಸ್ಲಾಮೀ ವ್ಯಾಪಾರನೀತಿ ಅದನ್ನು ಮುದಾರಬಾ ಎನ್ನುತ್ತದೆ. ಹಣ ಒಬ್ಬರದು, ದುಡಿಮೆ ಇನ್ನೊಬ್ಬರದು. ಲಾಭದ ಪ್ರಮಾಣ ಮೊದಲೇ ನಿಗದಿ. ಆದರೆ ಇಂತಿಷ್ಟು ರೂಪಾಯಿ ಎಂಬ ಖಾತರಿ ಇರಕೂಡದು. ಅಲಕ್ಷ್ಯವಿಲ್ಲದೆ ನಷ್ಟವಾದರೆ ಹಣ ಹೋಗುವುದು ಹಣ ಹಾಕಿದವರದು, ಶ್ರಮ ಹೋಗುವುದು ದುಡಿದವರದು. ಇದು ಮುಸ್ಲಿಮರಿಗಷ್ಟೇ ತಿಳಿದ ಸಂಗತಿಯೂ ಅಲ್ಲ. ಕುರಿಯನ್ನು ಪಾಲಿಗೆ ಸಾಕಲು ಕೊಡುವ ನಮ್ಮ ಹಳ್ಳಿಯವರಿಗೆ, ಮರಿ ಹುಟ್ಟಿದರೆ ತಾನೆ ಪಾಲು ಎಂಬುದು ಗೊತ್ತು.

ಆದರೆ ಈ ಒಪ್ಪಂದದಲ್ಲಿರುವುದು ಇಬ್ಬರೇ. ಯಂತ್ರದ ಮುಂದೆ ಕೂತ ಮೂರನೆಯವಳು ಲಾಭದಲ್ಲಿ ಪಾಲು ಕೇಳಿಲ್ಲ, ನಷ್ಟಕ್ಕೂ ಒಪ್ಪಿ ಬಂದಿಲ್ಲ. ಹಾಗಿರುವಾಗ ನಷ್ಟದಲ್ಲಿ ಮಾತ್ರ ಅವಳನ್ನು ಪಾಲುದಾರಳಾಗಿಸುವುದು ಯಾವ ನ್ಯಾಯ? ಅವಳಲ್ಲೂ ಬಂಡವಾಳವಿದೆ. ಮಾಲೀಕರ ಪಾಲಿನ ಭವಿಷ್ಯನಿಧಿಯನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂಬ ಕೇಂದ್ರದ ನಿಯಮದ ವಿರುದ್ಧ 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ರಸ್ತೆಗಿಳಿದರು. ಸರಕಾರ ನಿಯಮವನ್ನು ಹಿಂದೆಗೆದುಕೊಂಡಿತು. ಆ ಚಿಲ್ಲರೆ ಉಳಿತಾಯವೇ ಅವರ ಮಕ್ಕಳ ಶುಲ್ಕ, ಮನೆಯ ಮುಂಗಡ, ಆಸ್ಪತ್ರೆಯ ಖರ್ಚು.

ಇಷ್ಟೆಲ್ಲ ಹೇಳಿದರೆ ಯಾರು ಹಣ ಹಾಕುತ್ತಾರೆ, ಕಾರ್ಖಾನೆಯೇ ತೆರೆಯದಿದ್ದರೆ ಆ ಹೆಣ್ಣುಮಗಳಿಗೆ ಸಿಗುವುದೇನು ಎಂದು ಕೇಳಬಹುದು. ಪ್ರಶ್ನೆ ಪೊಳ್ಳಲ್ಲ. ಸತ್ಯ ಕೇಳಿ ಕೆಲವರು ಎದ್ದುಹೋಗುತ್ತಾರೆ. ಆಗ ಹತ್ತು ಯಂತ್ರದ ಬದಲು ಮೂರು ಯಂತ್ರ ಹಾಕಬೇಕಾದೀತು. ಸ್ವಂತ ಸರಕು ಬಿಟ್ಟು, ಬೇರೆಯವರು ಕತ್ತರಿಸಿ ಕೊಟ್ಟ ಬಟ್ಟೆಗೆ ಜಾಬ್‌ವರ್ಕ್ ಮಾಡಬೇಕಾದೀತು. ಆದರೆ ಎಲ್ಲ ತಿಳಿದೂ ಕುಳಿತವರು ಕೆಟ್ಟ ತಿಂಗಳಲ್ಲಿ ಬಾಗಿಲು ಬಡಿಯಲು ಬರುವುದಿಲ್ಲ. ಮಾರಿಹೋಗದ ಸಮವಸ್ತ್ರದ ರಾಶಿ ಮುಂದಿನ ಜೂನ್‌ವರೆಗೆ ಕಾಯಬಲ್ಲುದು; ಆ ವ್ಯವಧಾನ ಹೂಡಿದವರಲ್ಲೂ ಇರಬೇಕು. ಮನೆಬಾಡಿಗೆ ಕಟ್ಟಬೇಕಾದವಳಲ್ಲಿ ಅದನ್ನು ಕೇಳುವ ಹಕ್ಕು ನಮಗಿಲ್ಲ.

ಬೆವರಾರುವ ಮೊದಲೇ ಕೂಲಿ ಸಲ್ಲಬೇಕೆಂಬ ಬೋಧನೆಯನ್ನು ಮಸೀದಿಗಳಲ್ಲಿ ತಲೆದೂಗುತ್ತ ಕೇಳಿದ್ದೇವೆ. ಅದಕ್ಕೆ ನಮ್ಮ ಲೆಕ್ಕಪುಸ್ತಕದಲ್ಲೂ ಒಂದು ಜಾಗ ಬೇಕು. ಕೂಲಿ, ಬಟ್ಟೆಯ ಬಾಕಿ, ಬಾಡಿಗೆ ತೀರಿದ ಮೇಲೆ ಉಳಿದದ್ದಷ್ಟೇ ಲಾಭ. ಉಳಿಯದ ತಿಂಗಳಲ್ಲಿ ಲಾಭವಿಲ್ಲ. ಹಣ ಕೇಳಲು ಹೋದ ದಿನವೇ, ಚಹಾ ಬರುವ ಮೊದಲೇ, ಈ ಮಾತು ಆಡಿಬಿಡೋಣ.