‘ಅಲ್ಲೇನೂ ಇಲ್ಲ’ ಎನ್ನುವ ಮುನ್ನ

ಹೊಲವೊಂದು ಬಡಾವಣೆಯೋ ಕ್ವಾರಿಯೋ ಕಾರ್ಖಾನೆಯೋ ಆಗಲು ಹೊರಟಾಗ ಕಚೇರಿಗಳು ಬಹಳಷ್ಟನ್ನು ಕೇಳುತ್ತವೆ. ಮರಗಳೆಷ್ಟು, ಕೆರೆ ಎಷ್ಟು ದೂರ, ಮೇಲೆ ಕರೆಂಟಿನ ತಂತಿ ಹಾದಿದೆಯೇ. ನೆಲದಡಿಯ ಹಳೆಯ ಬದುಕಿನ ವಿಚಾರಕ್ಕೆ ಮಾತ್ರ ‘ಅಲ್ಲೇನೂ ಇಲ್ಲ’ ಎಂಬ ಒಂದು ಸಾಲು ಸಾಕಾಗಿಬಿಡುತ್ತದೆ. ಹುಡುಕಿ ಸಿಗದೆ ಹೇಳಿದ ‘ಇಲ್ಲ’ವೂ ಹುಡುಕದೆಯೇ ಹೇಳಿದ ‘ಇಲ್ಲ’ವೂ ಕಡತದಲ್ಲಿ ಒಂದೇ ಥರ ಕಾಣುತ್ತವೆ. ಮೊದಲನೆಯದರಲ್ಲಿ ತಿಳಿವಳಿಕೆಯಿದೆ, ಎರಡನೆಯದರಲ್ಲಿರುವುದು ಬರೀ ಅನುಕೂಲ.

ಚಾಮರಾಜನಗರ, ಗುಂಡ್ಲುಪೇಟೆಗಳ ಮಟ್ಟಿಗೆ ಈ ವ್ಯತ್ಯಾಸ ಸಣ್ಣದಲ್ಲ. ಇಲ್ಲಿನ ಕರಿಕಲ್ಲು ಕಡಲಾಚೆಗೂ ಹೋಗುತ್ತದೆ. ಬದನಗುಪ್ಪೆ–ಕೆಲ್ಲಂಬಳ್ಳಿಯಲ್ಲಿ ಸಾವಿರಕ್ಕೂ ಮಿಕ್ಕಿ ಎಕರೆ ಕೈಗಾರಿಕೆಗೆಂದು ಮೀಸಲಾಗಿದೆ. ಈ ಸೀಮೆಯ ಗತಕಾಲ ನಮಗೆ ಗೊತ್ತಿಲ್ಲವೆಂದಲ್ಲ, ಅಕ್ಷರ ಬಲ್ಲ ಗತಕಾಲ ಚೆನ್ನಾಗಿಯೇ ಗೊತ್ತು. ಶಾಸನತಜ್ಞ ಬಿ.ಎಲ್. ರೈಸ್ 1898ರಲ್ಲೇ ಈ ಎರಡು ತಾಲ್ಲೂಕುಗಳ ಶಾಸನಗಳನ್ನು ಅಚ್ಚು ಹಾಕಿಸಿದ್ದರು. ನರಸಮಂಗಲದ ರಾಮೇಶ್ವರ, ಹಳೇ ಆಲೂರಿನ ಅರ್ಕೇಶ್ವರ ಗುಡಿಗಳನ್ನು ನೋಡಲು ವಿದ್ವಾಂಸರು ಹುಡುಕಿಕೊಂಡು ಬರುತ್ತಾರೆ. ಕಾನೂನೂ ಅಂಥದ್ದನ್ನೇ ಕಾಯುತ್ತದೆ: ಪ್ರಾಚೀನ ಸ್ಮಾರಕಗಳ 1958ರ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರಿನೊಳಗೆ ಹೊಸದಾಗಿ ಕಟ್ಟುವಂತಿಲ್ಲ, ಅದರಾಚೆಯ 200 ಮೀಟರಿನಲ್ಲಿ ಅನುಮತಿಯಿಲ್ಲದೆ ಕಟ್ಟುವಂತಿಲ್ಲ. ಆದರೆ ಟೇಪು ಹಿಡಿಯಲು ಮೊದಲೊಂದು ಸ್ಮಾರಕ ಬೇಕಲ್ಲ! ಗೋಡೆಯಿಲ್ಲದೆ, ಅಕ್ಷರವಿಲ್ಲದೆ, ಬರೀ ಬೋಕಿ ಚೂರು ಮತ್ತು ಬೂದಿಯಾಗಿ ಉಳಿದವರ ಊರಿಗೆ ಎಲ್ಲಿಂದ ಅಳೆಯುವುದು?

ಅಂಥವರು ಈ ಕಡೆ ಇದ್ದರೆಂಬುದು ಬರೀ ಊಹೆಯಲ್ಲ. ಗುಂಡ್ಲುಪೇಟೆಯ ಪಕ್ಕದಲ್ಲಿ ಹರಿಯುವ ಗುಂಡ್ಲುಹೊಳೆ ನಂಜನಗೂಡಿನ ಬಳಿ ಕಪಿಲೆಯನ್ನು ಸೇರುತ್ತದೆ, ಕಪಿಲೆ ತಿ. ನರಸೀಪುರದಲ್ಲಿ ಕಾವೇರಿಯನ್ನು. ಆ ಸಂಗಮದಲ್ಲಿ 1959ರಿಂದ ಎಂ. ಶೇಷಾದ್ರಿಯವರು ನಡೆಸಿದ ಉತ್ಖನನದಲ್ಲಿ ನವಶಿಲಾಯುಗದ ನೆಲೆಯೊಂದು ಹೊರಬಂತು. ಉಜ್ಜಿ ನುಣುಪು ಮಾಡಿದ ಕಲ್ಲಿನ ಕೊಡಲಿಗಳು, ಸಮಾಧಿಗಳು, ಸುಟ್ಟ ಮಣ್ಣಿನ ತಲೆದಿಂಬುಗಳು. ದನ ಮೇಯಿಸಿಕೊಂಡಿದ್ದ ಜನ ಹೊಳೆಯ ಮೇಲ್ಭಾಗಕ್ಕೆ ಕಾಲಿಡದೆ ನಮ್ಮ ಜಿಲ್ಲೆಯ ಗಡಿಗೆ ಮರ್ಯಾದೆ ಕೊಟ್ಟಿರಲಾರರು.

ಕಟ್ಟುವ ಮೊದಲು ನೆಲವನ್ನು ಪರೀಕ್ಷಿಸುವುದೆಂದರೆ ದೊಡ್ಡ ಉತ್ಖನನವಲ್ಲ. ಉತ್ತ ಹೊಲದಲ್ಲಿ ಸಾಲಾಗಿ ನಡೆದು ಮೇಲೆ ಬಿದ್ದದ್ದನ್ನು ಗುರುತು ಹಾಕುತ್ತಾರೆ. ಅಲ್ಲಲ್ಲಿ ಒಂದು ಮೀಟರ್ ಉದ್ದಗಲದ ಗುಂಡಿ ತೆಗೆದು, ಐದು–ಹತ್ತು ಸೆಂಟಿಮೀಟರಿನಂತೆ ಪದರ ಪದರವಾಗಿ ಇಳಿಯುತ್ತಾರೆ, ಮಣ್ಣನ್ನು ಜರಡಿ ಹಿಡಿಯುತ್ತಾರೆ. ಗುಡಿಸಲಿನ ಕಂಬ ಕೊಳೆತ ಜಾಗ ಮಣ್ಣಿನಲ್ಲಿ ಕಪ್ಪು ವೃತ್ತವಾಗಿ ಕಾಣುತ್ತದೆ. ಬೂದಿಮಣ್ಣನ್ನು ನೀರಿಗೆ ಹಾಕಿದರೆ ಸುಟ್ಟು ಇದ್ದಿಲಾದ ಕಾಳುಗಳು ತೇಲುತ್ತವೆ. ದಕ್ಷಿಣದ ನವಶಿಲಾಯುಗದ ರೈತರು ಹುರುಳಿ, ಹೆಸರು, ಕೊರಲೆ ಬೆಳೆದಿದ್ದರೆಂದು ತಿಳಿದದ್ದು ಹೀಗೆಯೇ. ಈಗಲೂ ಗುಂಡ್ಲುಪೇಟೆಯ ಒಣಭೂಮಿಯಲ್ಲಿ ಬಿತ್ತುವ ಹುರುಳಿಗೆ ಅಷ್ಟು ಉದ್ದದ ವಂಶಾವಳಿಯಿದೆ. ಜೆಸಿಬಿಯ ಬಕೆಟ್ಟಿಗೆ ಆ ಬೂದಿಯೂ ಬರೀ ಮಣ್ಣು. ಗುಂಡಿಗಳು ತಪ್ಪುವುದೂ ಉಂಟು, ಎರಡು ಗುಂಡಿಗಳ ನಡುವೆ ಒಂದು ಮನೆ ಅಡಗಿರಬಹುದು. ಆದರೂ ಎಷ್ಟು ಗುಂಡಿ, ಎಷ್ಟು ಆಳ ಎಂದು ಬರೆದಿಟ್ಟ ‘ಇಲ್ಲ’ವನ್ನು ನಾಳೆ ಯಾರಾದರೂ ಪ್ರಶ್ನಿಸಬಹುದು. ಖಾಲಿ ಗುಂಡಿ ದಂಡದ ಖರ್ಚು ಎನ್ನುವವರು ಇದನ್ನು ಮರೆಯುತ್ತಾರೆ.

ಸತ್ತು ಸಾವಿರಾರು ವರ್ಷಗಳಾದವರಿಗಾಗಿ ಬದುಕಿರುವವರ ಮನೆ, ರಸ್ತೆ, ಕೆಲಸ ಏಕೆ ಕಾಯಬೇಕು ಎಂಬ ಪ್ರಶ್ನೆ ನ್ಯಾಯವಾದದ್ದೇ. ಪಿತೃಋಣದ ಮಾತೆತ್ತಿ ಇದಕ್ಕೆ ಉತ್ತರಿಸಲು ನನಗೆ ಮನಸ್ಸಿಲ್ಲ. ಅವರು ನಮ್ಮ ಪಿತೃಗಳೇ ಎಂದು ಯಾರು ಕಂಡರು? ಅವರಿಗೆ ಈಗ ನೋವೂ ಆಗದು. ನನ್ನ ತಕರಾರು ನಮ್ಮ ಬಗ್ಗೆ. ಒಂದನ್ನು ಅಳಿಸಿ ಇನ್ನೊಂದನ್ನು ಕಟ್ಟುವುದು ತೀರ್ಮಾನವೆನಿಸಿಕೊಳ್ಳಬೇಕಾದರೆ ಅಳಿಸುತ್ತಿರುವುದು ಏನೆಂದು ಗೊತ್ತಿರಬೇಕು. ನೋಡದೆ ಅಗೆದರೆ ಅಭಿವೃದ್ಧಿ ಮತ್ತು ಪರಂಪರೆಯ ನಡುವೆ ನಾವು ಏನನ್ನೂ ಆಯ್ದುಕೊಂಡಂತಾಗಲಿಲ್ಲ, ಆಯ್ಕೆಯ ಹೊತ್ತೇ ಬರಲಿಲ್ಲ. ಕೃಷ್ಣಾ ನದಿಗೆ ನಾಗಾರ್ಜುನಸಾಗರ ಕಟ್ಟುವಾಗ, ಆಗ ತಾನೇ ಸ್ವತಂತ್ರವಾದ ಬಡ ದೇಶ 1954ರಿಂದ 1960ರವರೆಗೆ ನಾಗಾರ್ಜುನಕೊಂಡದ ಕಣಿವೆಯನ್ನು ಅಗೆದು, ಹಳೆ ಶಿಲಾಯುಗದಿಂದ ಮಧ್ಯಯುಗದವರೆಗಿನ ನೆಲೆಗಳನ್ನು ದಾಖಲಿಸಿತು. ಅಣೆಕಟ್ಟು ನಿಲ್ಲಲಿಲ್ಲ, ಕಣಿವೆ ಮುಳುಗಿತು. ಮುಳುಗಿದ್ದು ಏನೆಂದು ಮಾತ್ರ ಗೊತ್ತಾಯಿತು.

ನಿಜವಾದ ತೊಡಕಿರುವುದು ಭಯದಲ್ಲಿ. ಹಳೆಯದೇನಾದರೂ ಸಿಕ್ಕಿತೆಂದು ಬಾಯಿಬಿಟ್ಟರೆ ಜಮೀನೇ ಹೋಯಿತು ಎಂದು ಮಾಲೀಕ ಹೆದರುತ್ತಾನೆ, ರಾತ್ರೋರಾತ್ರಿ ಮುಚ್ಚಿಹಾಕುತ್ತಾನೆ. ಅದು ಅವನ ಕೇಡಿಗತನವಲ್ಲ. ಕಾನೂನು ಅವನಿಗೆ ಕಲಿಸಿರುವುದೇ ಹಾಗೆ. 1878ರ ನಿಧಿ ಕಾಯ್ದೆ ಹತ್ತು ರೂಪಾಯಿಗೆ ಮೀರಿದ ನಿಧಿ ಸಿಕ್ಕರೆ ತಿಳಿಸಬೇಕೆಂದಿತು, ಅಂದರೆ ನೆಲದೊಳಗಿನದನ್ನು ರೂಪಾಯಿಯಲ್ಲಿ ತೂಗಿತು. ಆ ತಕ್ಕಡಿಯಲ್ಲಿ ಕಲ್ಲುಕೊಡಲಿಗೆ ಎಷ್ಟು ಬೆಲೆ? ಮೂವತ್ತು–ನಲವತ್ತರ ಸೈಟಿನಲ್ಲಿ ಮನೆ ಕಟ್ಟುವವನ ತಲೆಗೆ ಪರೀಕ್ಷೆಯ ಹೊರೆ ಕಟ್ಟಬಾರದು. ನೂರಾರು ಎಕರೆ ತಿರುವಿಹಾಕುವವರು ಅದನ್ನು ಯೋಜನೆಯ ವೆಚ್ಚದಲ್ಲೇ ಸೇರಿಸಲಿ. ಇಂಗ್ಲೆಂಡಿನಲ್ಲಿ 1990ರಿಂದ ಈ ಪದ್ಧತಿಯಿದೆ, ಅಲ್ಲಿ ಕಟ್ಟಡಗಳೇನೂ ಏಳದೆ ಉಳಿದಿಲ್ಲ.

ಗುಂಡಿ ತೆಗೆಯುವ ಮೊದಲು ಕೇಳುವುದಕ್ಕಂತೂ ಖರ್ಚಿಲ್ಲ. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ಸಂಶೋಧಕರ ಜೊತೆಗೂಡಿ ತಮ್ಮ ದೇವರು, ಮಾರಮ್ಮ, ವೀರು, ಅಬ್ಬಿ, ಕಲ್ಲುಗುಡಿಗಳ ಪವಿತ್ರ ತಾಣಗಳನ್ನು ನಕ್ಷೆಗೆ ಇಳಿಸಿದರು. ಹೊರಗಿನವರಿಗೆ ಬರೀ ಕಾಡಾಗಿದ್ದದ್ದು ಹೆಸರುಳ್ಳ ಜಾಗಗಳ ನೆಲವಾಯಿತು. ಬಯಲುಸೀಮೆಯ ಹಳ್ಳಿಗಳಲ್ಲೂ ಹಾಳೂರು ದಿಣ್ಣೆ, ಪಾಂಡವರ ಮನೆ ಎಂಬ ಹೆಸರುಗಳು ವಯಸ್ಸಾದವರ ಬಾಯಲ್ಲಿರುತ್ತವೆ. ಸರ್ವೆ ನಂಬರಿಗೆ ಅವು ಬೇಕಾಗಿಲ್ಲ.

ನೆಲದ ಪರೀಕ್ಷೆ ಎಲ್ಲ ಕಡೆಯೂ ಒಮ್ಮೆಗೇ ಆಗದೆಂದರೆ ಕ್ವಾರಿಗಳಿಂದ ಶುರುಮಾಡಬೇಕು. ಬಡಾವಣೆಯ ಪಾಯದ ಕೆಳಗೆ ಏನಾದರೂ ಉಳಿದೀತು, ಸಿಡಿಸಿದ ಗುಡ್ಡದಲ್ಲಿ ಏನೂ ಉಳಿಯದು. ಬಳ್ಳಾರಿಯ ಸಂಗನಕಲ್ಲು ಮತ್ತು ಕುಪ್ಪಗಲ್ಲಿನ ಬೆಟ್ಟಗಳಲ್ಲಿ ಕಲ್ಲುಕೊಡಲಿ ತಯಾರಿಸುತ್ತಿದ್ದ ಜಾಗಗಳಿವೆ, ಬಂಡೆಗಳ ಮೇಲೆ ಗೂಳಿಗಳ ಚಿತ್ರಗಳಿವೆ, ಬಡಿದರೆ ನಾದ ಕೊಡುವ ಬಂಡೆಗಳಿವೆ. ವಿದ್ವಾಂಸರಿಗೆ ಅವು 19ನೇ ಶತಮಾನದಿಂದಲೇ ಗೊತ್ತು. ಹಾಗಿದ್ದೂ ಕಲ್ಲುಗಣಿ ಅಲ್ಲಿಗೆ ಕೈಹಾಕಿತು. ಅಷ್ಟು ಹೆಸರಾದ ಬೆಟ್ಟಕ್ಕೇ ಆ ಗತಿಯಾದರೆ, ಯಾರೂ ಹತ್ತಿ ನೋಡದ ನಮ್ಮ ಕರಿಕಲ್ಲಿನ ಗುಡ್ಡಗಳ ಪರವಾಗಿ ಅರ್ಜಿ ಹಾಕುವವರು ಯಾರು?