ಸಾಯದವನ ಮಗ

ಮಳವಳ್ಳಿ ಪಕ್ಕದ ಮಾರೇಹಳ್ಳಿಯಲ್ಲಿ ಚೋಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯವಿದೆ. ಆ ಸೀಮೆಯಲ್ಲಿ ಹಿರಣ್ಯಕಶಿಪುವಿನ ವರದ ಕರಾರುಗಳನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ: ಮನುಷ್ಯನಿಂದ ಸಾವು ಬೇಡ, ಮೃಗದಿಂದ ಬೇಡ; ಹಗಲು ಬೇಡ, ಇರುಳು ಬೇಡ; ಒಳಗೆ ಬೇಡ, ಹೊರಗೆ ಬೇಡ; ಆಯುಧದಿಂದಲೂ ಬೇಡ. ಈ ಕಥೆ ಕೇಳುತ್ತ ಬೆಳೆದವರು ‘ಬ್ಲೇಡ್ 2’ ನೋಡಿದರೆ, ಅದರ ಮುದಿ ಖಳನ ಗುರುತು ಹಿಡಿಯಲು ತಡವಾಗದು.

2002ರಲ್ಲಿ ಗಿಯೆರ್ಮೊ ದೆಲ್ ತೊರೊ ನಿರ್ದೇಶಿಸಿದ ಈ ಚಿತ್ರ 1998ರ ‘ಬ್ಲೇಡ್’ನ ಮುಂದಿನ ಭಾಗ. ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಆಕೆಗೆ ರಕ್ತಪಿಶಾಚಿ ಕಚ್ಚಿದ್ದರಿಂದ ಅರ್ಧ ಮನುಷ್ಯನಾಗಿ, ಅರ್ಧ ಪಿಶಾಚಿಯಾಗಿ ಹುಟ್ಟಿದವನು ಬ್ಲೇಡ್. ವೆಸ್ಲಿ ಸ್ನೈಪ್ಸ್ ಆ ಪಾತ್ರದಲ್ಲಿದ್ದಾರೆ. ಪಿಶಾಚಿ ಕುಲದ ಹಿರಿಯ ದಮಾಸ್ಕಿನೋಸ್‌ಗೆ ತನ್ನ ಕುಲದ ದೌರ್ಬಲ್ಯಗಳೆಲ್ಲ ತೊಲಗಬೇಕೆಂಬ ಹಂಬಲ. ಅದಕ್ಕಾಗಿ ಹೆತ್ತ ಮಗ ನೊಮ್ಯಾಕ್‌ನ ಮೇಲೆಯೇ ಪ್ರಯೋಗ ಮಾಡುತ್ತಾನೆ. ಹುಟ್ಟಿದ ಹೊಸ ಜೀವಕ್ಕೆ ಬೆಳ್ಳಿ ತಾಗದು, ಬೆಳ್ಳುಳ್ಳಿ ತಾಗದು. ಎದೆಯ ಸುತ್ತ ಎಲುಬಿನ ಕೋಟೆ. ಬಿಸಿಲೊಂದೇ ಅದಕ್ಕೆ ಸಾವು. ಆದರೆ ಅದರ ಹಸಿವಿಗೆ ಮಿತಿಯಿಲ್ಲ, ಸ್ವಂತ ಕುಲದವರನ್ನೂ ಅದು ಬಿಡುವುದಿಲ್ಲ.

ಸಾವನ್ನು ಕರಾರು ಹಾಕಿ ಕಟ್ಟಿಹಾಕಲು ಹೊರಟ ತಂದೆ, ಆ ಹಟಕ್ಕೆ ಬಲಿಯಾಗುವ ಮಗ. ಹಿರಣ್ಯಕಶಿಪುವೂ ಪ್ರಹ್ಲಾದನಿಗೆ ವಿಷ ಕೊಡಿಸಿದ, ಆನೆಯಿಂದ ತುಳಿಸಿದ, ಬೆಂಕಿಗೆ ತಳ್ಳಿಸಿದ. ಚಿತ್ರದ ಹೆಚ್ಚುಗಾರಿಕೆ ಇರುವುದು ಇಲ್ಲಿಯೇ. ಮೊದಲ ಭಾಗದ ಖಳನಿಗೆ ಬೇಕಿದ್ದದ್ದು ಅಧಿಕಾರ; ನೊಮ್ಯಾಕ್ ಮುಂದಿಡುವುದು ನ್ಯಾಯವಾದ ಒಂದು ದೂರು. ನನ್ನನ್ನು ಹೀಗೇಕೆ ಮಾಡಿದೆ ಎಂದು ಅಪ್ಪನನ್ನು ಕೇಳುವ ಹಕ್ಕು ಅವನಿಗಿದೆ. ಎರಡನೆಯ ಭಾಗವೊಂದು ಹುಟ್ಟಲು ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ರಕ್ತಪಿಶಾಚಿಯ ಕಲ್ಪನೆ ನಮ್ಮ ಕರ್ಮಸಿದ್ಧಾಂತಕ್ಕೆ ಒಡ್ಡುವ ಪ್ರಶ್ನೆ ಚಿಕ್ಕದಲ್ಲ. ಮಾಡಿದವನು ಉಣ್ಣುತ್ತಾನೆ ಎಂಬುದು ನಮ್ಮ ನಂಬಿಕೆ. ಆದರೆ ಕಚ್ಚಿಸಿಕೊಂಡವನು ಏನು ಮಾಡಿದ್ದ? ಒಬ್ಬನ ಪಾಪ ಇನ್ನೊಬ್ಬನ ನೆತ್ತರಿಗಿಳಿದು ಅವನನ್ನೂ ಪಾಪಿಯಾಗಿಸುವುದಾದರೆ, ಹೊಣೆ ಯಾರದು? ಹಿಂದಿನ ಜನ್ಮದ ಫಲ ಎಂದುಬಿಡುವುದು ಸುಲಭ. ಆದರೆ ನೊಂದವನ ಮುಂದೆ ನಿಂತು ಆ ಮಾತು ಹೇಳುವುದು ಕ್ರೌರ್ಯ. ದೇವೀಮಾಹಾತ್ಮ್ಯ ಇದನ್ನು ಬೇರೊಂದು ದಿಕ್ಕಿನಿಂದ ನೋಡುತ್ತದೆ. ರಕ್ತಬೀಜನ ನೆತ್ತರಿನ ಪ್ರತಿ ಹನಿಯಿಂದಲೂ ಇನ್ನೊಬ್ಬ ರಾಕ್ಷಸ ಏಳುತ್ತಾನೆ. ಹನಿ ನೆಲಕ್ಕೆ ಬೀಳದಂತೆ ಚಾಮುಂಡಿ ಕುಡಿಯುತ್ತಾಳೆ. ಪಶ್ಚಿಮದ ಕಥೆಯಲ್ಲಿ ರಕ್ತ ಹೀರುವುದರಿಂದ ಕೇಡು ಹಬ್ಬುತ್ತದೆ, ಇಲ್ಲಿ ಹೀರುವುದರಿಂದಲೇ ಅದರ ಬೆಳೆ ನಿಲ್ಲುತ್ತದೆ. ಅಂದರೆ ಹಬ್ಬುವ ಕೇಡನ್ನು ತಡೆಯಲು ಯಾರಾದರೊಬ್ಬರು ಅದನ್ನು ತಮ್ಮೊಳಗೆ ಇಳಿಸಿಕೊಂಡು ಅರಗಿಸಿಕೊಳ್ಳಬೇಕು. ಬ್ಲೇಡ್‌ನ ಪಾತ್ರಕ್ಕೆ ಆ ಶಕ್ತಿಯಿತ್ತು. ರಕ್ತದ ದಾಹ ಅವನೊಳಗೂ ಇದೆ, ಔಷಧದಿಂದ ಅದನ್ನು ಹತ್ತಿಕ್ಕಿ ಬದುಕುತ್ತಾನೆ. ಚಿತ್ರ ಆ ಒಳಜಗಳವನ್ನು ಮುಟ್ಟಿ ಮುಟ್ಟಿ ಬಿಟ್ಟುಬಿಡುತ್ತದೆ.

ಸೋಲು ಅಲ್ಲಿಂದ ಶುರು. ಹೊಡೆದಾಟಗಳು ಒಂದರ ಮೇಲೊಂದು ಬರುತ್ತವೆ. ಕೆಲವೆಡೆ ಕಂಪ್ಯೂಟರ್ ಮೂಡಿಸಿದ ದೇಹಗಳು ಹಾರುವಾಗ ಅವುಗಳಿಗೆ ತೂಕವೇ ಇರುವುದಿಲ್ಲ, ನೋವೂ ತಾಗುವುದಿಲ್ಲ. ದಮಾಸ್ಕಿನೋಸ್ ಓಡಿಹೋಗದಂತೆ ಮಗಳು ನಿಸ್ಸಾ ದಾರಿ ಮುಚ್ಚುತ್ತಾಳೆ, ಮಗ ಕೊಲ್ಲುತ್ತಾನೆ. ಇಬ್ಬರು ಮಕ್ಕಳು ಸೇರಿ ಅಪ್ಪನಿಗೆ ವಿಧಿಸಿದ ಶಿಕ್ಷೆ ಅದು. ಅಷ್ಟು ಭಾರದ ಗಳಿಗೆಯನ್ನು ದಾಟಿದ್ದೇ ಚಿತ್ರ ಮುಂದಿನ ಕಾಳಗಕ್ಕೆ ಧಾವಿಸುತ್ತದೆ. ಬ್ಲೇಡ್ ಇರಿದ ಕತ್ತಿಯನ್ನು ನೊಮ್ಯಾಕ್ ತಾನೇ ಒಳಕ್ಕೆ ಒತ್ತಿಕೊಳ್ಳುವುದು, ಸೂರ್ಯೋದಯ ನೋಡುತ್ತಾ ಸಾಯಲು ನಿಸ್ಸಾ ಬಯಸುವುದು, ಈ ಎರಡು ದೃಶ್ಯಗಳು ಮಾತ್ರ ಮನಸ್ಸಿನಲ್ಲಿ ನಿಲ್ಲುತ್ತವೆ. ಸಾಯದಂತೆ ರೂಪಿಸಲ್ಪಟ್ಟವರೇ ಸಾವನ್ನು ಆರಿಸಿಕೊಳ್ಳುತ್ತಾರೆ.

ಕನ್ನಡದಲ್ಲಿ ಇದಕ್ಕೆ ಹತ್ತಿರ ಬರುವುದು ‘ಆಪ್ತರಕ್ಷಕ’. ಪಿ. ವಾಸು ಅವರ 2004ರ ‘ಆಪ್ತಮಿತ್ರ’ದಲ್ಲಿ ನಾಗವಲ್ಲಿಯ ಕಾಟಕ್ಕೆ ಮನೋವೈದ್ಯ ಕಾರಣ ಹುಡುಕಿದ್ದ. ಆ ಚಿತ್ರ ತೀರಿಹೋದವಳೊಬ್ಬಳ ಸಿಟ್ಟನ್ನು ಕುರಿತದ್ದು. 2010ರ ಎರಡನೆಯ ಚಿತ್ರ ಅವಳನ್ನು ಕೊಂದವನ ಕಡೆಗೆ ಕಣ್ಣು ತಿರುಗಿಸಿತು: ರಾಜ ವಿಜಯ ರಾಜೇಂದ್ರ ಬಹದ್ದೂರ್ ನೂರು ವರ್ಷ ದಾಟಿಯೂ ಸತ್ತಿಲ್ಲ. ಒಳ್ಳೆಯ ತಿರುವು. ತಪ್ಪು ಮಾಡಿದವನು ಸಾಯದೇ ಉಳಿದರೆ, ಅವನಿಂದ ನೊಂದವರಿಗೂ ಬಿಡುಗಡೆ ಇಲ್ಲ. ಅವನನ್ನು ಹುಡುಕುವ ವೈದ್ಯ, ಸಾಯಲೊಲ್ಲದ ರಾಜ ಎರಡೂ ಪಾತ್ರ ವಿಷ್ಣುವರ್ಧನ್ ಅವರದೇ. 2009ರ ಡಿಸೆಂಬರ್ 30ರಂದು ಮೈಸೂರಿನಲ್ಲಿ ಅವರು ತೀರಿಕೊಂಡರು. ಚಿತ್ರ ತೆರೆ ಕಂಡದ್ದು ಮುಂದಿನ ಫೆಬ್ರವರಿಯಲ್ಲಿ. ಮೈಸೂರು, ಮಂಡ್ಯದ ಕಡೆಯ ಅಭಿಮಾನಿಗಳು ಆ ಸಾಯದ ರಾಜನನ್ನು ನೋಡಿದ್ದು ಎಂಥ ಮನಸ್ಸಿನಲ್ಲಿ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ರಾಜನ ಗತ್ತಿಗೆ ಸಿಕ್ಕಷ್ಟು ಜಾಗ ನಾಗವಲ್ಲಿಯ ದುಃಖಕ್ಕೆ ಸಿಗಲಿಲ್ಲ. ಕಥೆಯ ಮೂಲವೇ ಆಗಿದ್ದವಳು ಗೋಡೆಯ ಚಿತ್ರಪಟದಲ್ಲಿ ಉಳಿದುಬಿಟ್ಟಳು.

ಭಾಗದ ಮೇಲೆ ಭಾಗ ಕಟ್ಟುವ ಕಲೆ ಈ ಸೀಮೆಗೆ ಹೊಸದಲ್ಲ. ನೀಲಗಾರರು ತಂಬೂರಿ ಹಿಡಿದು ಇರುಳಿಡೀ ಹಾಡುವ ಮಂಟೇಸ್ವಾಮಿ ಕಾವ್ಯ ಸಾಲು ಸಾಲಾಗಿಯೇ ಬೆಳೆಯುತ್ತದೆ. ಮದ್ದೂರು ಕಡೆಯ ನಿಡಘಟ್ಟದ ಪಾಂಚಾಳರ ಹುಡುಗ ಕೆಂಪಾಚಾರಿ ಒಂದು ಸಾಲಿನಲ್ಲಿ ಗುರು ಮಂಟೇಸ್ವಾಮಿಯ ಪಾಲಾಗಿ ಸಿದ್ದಪ್ಪಾಜಿಯಾಗುತ್ತಾನೆ. ಇನ್ನೊಂದರಲ್ಲಿ ಗುರುವಿನ ಅಪ್ಪಣೆಯಂತೆ ಕಬ್ಬಿಣದ ಭಿಕ್ಷೆ ಬೇಡಲು ಮಳವಳ್ಳಿ ತಾಲ್ಲೂಕಿನ ಹಲಗೂರಿಗೆ ಬರುತ್ತಾನೆ. ಅಲ್ಲಿ ಅವನಿಗೆ ವಿಷವಿಕ್ಕುವವರು ಅವನು ಹುಟ್ಟಿದ ಕುಲದವರೇ. ಅವನು ವಿಷ ಅರಗಿಸಿಕೊಳ್ಳುತ್ತಾನೆ. ಮೊದಲ ಸಾಲು ಗುರು ಶಿಷ್ಯನನ್ನು ಒರೆಹಚ್ಚಿದ ಕಥೆ. ಹಲಗೂರಿನ ಸಾಲಿನಲ್ಲಿ ಅದೇ ಶಿಷ್ಯ ಸ್ವಂತ ಜನರ ಹಗೆಯ ಮುಂದೆ ನಿಂತಿದ್ದಾನೆ. ಪವಾಡ ಎರಡರಲ್ಲೂ ಇದೆ, ಪ್ರಶ್ನೆ ಮಾತ್ರ ಬದಲಾಗಿದೆ.

ಬ್ಲೇಡ್ ಸರಣಿಗೆ ಆ ದಾರಿ ಸಿಗಲಿಲ್ಲ. ಭಾಗವತದಲ್ಲಿ ಹಿರಣ್ಯಕಶಿಪು ಸತ್ತ ಮೇಲೂ ಕಥೆ ನಿಲ್ಲುವುದಿಲ್ಲ: ಪ್ರಹ್ಲಾದ ತನ್ನನ್ನು ಕೊಲ್ಲಲು ಬಂದ ತಂದೆಯ ಪಾಪ ತೊಳೆಯಬೇಕೆಂದು ಬೇಡುತ್ತಾನೆ, ತಂದೆಯ ಜೊತೆ ಇಪ್ಪತ್ತೊಂದು ತಲೆಮಾರು ಪಾವನವಾಯಿತೆಂದು ನರಸಿಂಹ ಹೇಳುತ್ತಾನೆ. ಆದರೆ ಬ್ಲೇಡ್‌ನ ಮೊದಲೆರಡು ಭಾಗಗಳಿಗೆ ಚಿತ್ರಕಥೆ ಬರೆದಿದ್ದ ಡೇವಿಡ್ ಗೋಯರ್ 2004ರಲ್ಲಿ ತಾವೇ ನಿರ್ದೇಶಿಸಿದ ಮೂರನೆಯ ಭಾಗದಲ್ಲಿ ಡ್ರಾಕುಲಾನನ್ನೇ ಎಬ್ಬಿಸಿ ತಂದರು, ಜೊತೆಗೆ ಪಿಶಾಚಿ ಕುಲವನ್ನೇ ಬೇರುಸಹಿತ ಅಳಿಸಲೆಂದು ತಯಾರಾದ ಒಂದು ವೈರಾಣುವನ್ನೂ. ಆ ಕುಲದಲ್ಲಿ ಇನ್ನೊಬ್ಬ ನಿಸ್ಸಾ ಇರಬಹುದೇ ಎಂದು ಚಿತ್ರ ಒಂದು ಗಳಿಗೆಯೂ ನಿಂತು ಕೇಳುವುದಿಲ್ಲ.