ಮಠದ ಮೌನ, ಮನೆಯ ಮೌನ



ತಪಸ್ಸುಕಾಲ ಬಂತೆಂದರೆ ನಮ್ಮ ಶಿರ್ವದ ಅನೇಕ ಕುಟುಂಬಗಳಲ್ಲಿ ಧ್ಯಾನಕೂಟದ ಮಾತು ಬರುತ್ತದೆ. ಮುಲ್ಕಿಯ ಡಿವೈನ್ ಕಾಲ್ ಸೆಂಟರ್ ನಮಗೆ ಹತ್ತಿರ. ಪ್ರವಚನ, ಗಾಯನ, ಆರಾಧನೆಗಳಿಂದ ಅಲ್ಲಿ ಬಲ ಪಡೆದವರು ನಮ್ಮ ನಡುವೆ ಬಹಳ ಮಂದಿ ಇದ್ದಾರೆ. ಧ್ಯಾನಕ್ಕೆ ಇನ್ನೊಂದು ಹಳೆಯ ದಾರಿಯೂ ಇದೆ: ಸನ್ಯಾಸಿಗಳ ಮಠದಲ್ಲಿ ಎರಡು ಮೂರು ದಿನ ಮೌನವಾಗಿ ತಂಗುವುದು. ನಮ್ಮ ರಾಜ್ಯದಲ್ಲೇ, ಬೆಂಗಳೂರಿನ ಕೆಂಗೇರಿಯ ಸಮೀಪ, ಆಶೀರ್ವನಂ ಎಂಬ ಬೆನೆಡಿಕ್ಟೈನ್ ಮಠವಿದೆ.

ಇಂಥ ಮಠದಲ್ಲಿ ನಿಮಗೆಂದು ದಿನವಿಡೀ ಪ್ರವಚನ ನಡೆಯುವುದಿಲ್ಲ. ಗಂಟೆ ಬಾರಿಸಿದಾಗ ಸನ್ಯಾಸಿಗಳು ದೇವಾಲಯಕ್ಕೆ ಬಂದು ಕೀರ್ತನೆಗಳನ್ನು ಹಾಡುತ್ತಾರೆ. ಮುಗಿದ ಮೇಲೆ ಕೆಲಸಕ್ಕೆ ಹೋಗುತ್ತಾರೆ. ನೀವೂ ಅವರೊಡನೆ ಕುಳಿತು ಪ್ರಾರ್ಥಿಸಬಹುದು. ಆರನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟರು ಬರೆದ ನಿಯಮಾವಳಿಯಲ್ಲಿ 73 ಅಧ್ಯಾಯಗಳಿವೆ. ಬಂದ ಅತಿಥಿಯನ್ನು ಕ್ರಿಸ್ತರೆಂದೇ ಬರಮಾಡಿಕೊಳ್ಳಬೇಕೆಂದು ಅದರ 53ನೆಯ ಅಧ್ಯಾಯ ಹೇಳುತ್ತದೆ. ಇಡೀ ನಿಯಮಾವಳಿ ಆರಂಭವಾಗುವುದೇ ಕಿವಿಗೊಡಬೇಕೆಂಬ ಕರೆಯಿಂದ. ಮಠದ ಮೌನದ ಗುಟ್ಟು ಇದು. ಬಾಯಿ ಮುಚ್ಚುವುದು ಕಿವಿ ತೆರೆಯುವುದಕ್ಕಾಗಿ.

ಆದರೆ ಮೌನ ನಮಗೆ ಹೊಸದೇ? ನಮ್ಮ ಮನೆಗಳಲ್ಲೂ ಒಂದು ಮೌನವಿದೆ. ಜಾಗದ ಪಾಲಿನ ವಿಷಯದಲ್ಲಿ ಮಾತು ಬಿಟ್ಟ ಅಣ್ಣ ತಮ್ಮಂದಿರು ಒಂದೇ ಬಾವಿಯ ನೀರು ಕುಡಿಯುತ್ತಾರೆ. ಒಂದೇ ಬಲಿಪೂಜೆಗೆ ಬರುತ್ತಾರೆ, ಬೇರೆ ಬೇರೆ ಬಾಗಿಲಿನಿಂದ ಹೊರಗೆ ಹೋಗುತ್ತಾರೆ. ಒಬ್ಬನ ಮರಣದ ದಿನ ಇನ್ನೊಬ್ಬ ಓಡಿ ಬಂದು ಅಳುತ್ತಾನೆ. ಆಗ ಕೇಳಿಸಿಕೊಳ್ಳಲು ಆ ಅಣ್ಣ ಇರುವುದಿಲ್ಲ.

ಮಠಕ್ಕೆ ಹೋದವರನ್ನು ಈ ಮನೆಯ ಮೌನ ಹಿಂಬಾಲಿಸಿಕೊಂಡು ಬರುತ್ತದೆ. ಟಿ.ವಿ., ಫೋನು, ಹರಟೆ ಯಾವುದೂ ಇಲ್ಲದಿದ್ದಾಗ, ಮರೆತೆವೆಂದುಕೊಂಡ ಮುಖ ಕಣ್ಣ ಮುಂದೆ ನಿಲ್ಲುತ್ತದೆ. "ಧ್ಯಾನಕ್ಕೆ ಬಂದರೂ ನೆಮ್ಮದಿಯಿಲ್ಲವಲ್ಲ" ಎಂದು ಬೇಸರಪಡಬೇಡಿ. ದೇವರು ನಿಮ್ಮೊಡನೆ ಮಾತನಾಡಲು ತೊಡಗಿರಬಹುದು.

ಸನ್ಯಾಸಿಗಳು ಜಗಳವಾಡುವುದಿಲ್ಲವೆಂದು ಭಾವಿಸಬೇಡಿ. ಒಟ್ಟಿಗೆ ಬಾಳುವಲ್ಲಿ ಮನಸ್ತಾಪದ ಮುಳ್ಳುಗಳು ಬೆಳೆಯುತ್ತವೆಂದು ಸಂತ ಬೆನೆಡಿಕ್ಟರಿಗೆ ಗೊತ್ತಿತ್ತು. ಆದುದರಿಂದಲೇ ಪ್ರತಿದಿನ ಮುಂಜಾನೆ ಮತ್ತು ಸಂಜೆಯ ಪ್ರಾರ್ಥನೆಯ ಕೊನೆಯಲ್ಲಿ, ಯೇಸು ಕಲಿಸಿದ ಪ್ರಾರ್ಥನೆಯನ್ನು ಮಠಾಧಿಪತಿ ಎಲ್ಲರಿಗೂ ಕೇಳಿಸುವಂತೆ ಹೇಳಬೇಕೆಂದು 13ನೆಯ ಅಧ್ಯಾಯದಲ್ಲಿ ವಿಧಿಸಿದರು. ಕ್ಷಮಿಸುತ್ತೇವೆಂದು ದೇವರಿಗೆ ಕೊಟ್ಟ ಮಾತು ದಿನಕ್ಕೆರಡು ಬಾರಿ ಅವರ ಕಿವಿಗೆ ಬೀಳಲೆಂದು ಈ ಏರ್ಪಾಡು. ಜಗಳವಾಡಿದವನೊಡನೆ ಸೂರ್ಯ ಮುಳುಗುವ ಮೊದಲೇ ಸಮಾಧಾನ ಮಾಡಿಕೊಳ್ಳಬೇಕೆಂದು 4ನೆಯ ಅಧ್ಯಾಯ ಹೇಳುತ್ತದೆ.

"ನನ್ನದೇನೂ ತಪ್ಪಿಲ್ಲ, ಅವನೇ ಮೊದಲು ಬರಲಿ" ಎನ್ನುವಿರಾ? ಮತ್ತಾಯನ ಶುಭಸಂದೇಶದ 5ನೆಯ ಅಧ್ಯಾಯವನ್ನು ಇನ್ನೊಮ್ಮೆ ಓದಿ. ಪೀಠದ ಮುಂದೆ ನಿಂತವನಿಗೆ ಸಹೋದರನ ಮೇಲೆ ಸಿಟ್ಟಿದೆಯೇ ಎಂದು ಪ್ರಭು ಅಲ್ಲಿ ಕೇಳುವುದಿಲ್ಲ. ಸಹೋದರನಿಗೆ ಅವನ ಮೇಲೆ ಮನಸ್ತಾಪವಿದ್ದರೆ ಸಾಕು; ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಮೊದಲು ಹೋಗಬೇಕಾದವನು ಅವನೇ. ಹೀಗೆ ಹೋಗುವುದೆಂದರೆ ನ್ಯಾಯವಾದ ಪಾಲನ್ನು ಬಿಟ್ಟುಕೊಡುವುದೆಂದಲ್ಲ. ಗಡಿಯ ತಕರಾರನ್ನು ಹಿರಿಯರೋ ನ್ಯಾಯಾಲಯವೋ ತೀರ್ಮಾನಿಸಲಿ. ಅಷ್ಟರವರೆಗೆ "ಅಣ್ಣಾ, ಹೇಗಿದ್ದಿ?" ಎಂದು ಕೇಳುವುದಕ್ಕೆ ಯಾವ ತೀರ್ಪೂ ಬೇಕಾಗಿಲ್ಲ.

ಆದುದರಿಂದ ಪ್ರಿಯರೇ, ಸಾಧ್ಯವಿದ್ದವರು ಮುಂಚಿತವಾಗಿ ತಿಳಿಸಿ, ಒಪ್ಪಿಗೆ ಪಡೆದು ಮಠಕ್ಕೆ ಹೋಗಿಬನ್ನಿ. ಹೋಗಲಾಗದ ತಾಯಂದಿರು, ಕೂಲಿ ಮಾಡುವವರು, ಹಾಸಿಗೆ ಹಿಡಿದವರ ಆರೈಕೆಯಲ್ಲಿರುವವರು ಕೊರಗಬೇಕಾಗಿಲ್ಲ. ರಾತ್ರಿ ಜಪಸರ ಮುಗಿದ ಮೇಲೆ ದೀಪದ ಮುಂದೆ ಹತ್ತು ನಿಮಿಷ ಸುಮ್ಮನೆ ಕುಳಿತುಕೊಳ್ಳಿ. ಅದೇ ನಿಮ್ಮ ಮಠ. ಆಗ ಯಾರ ಮುಖ ಕಾಣುತ್ತದೋ ಅವರಿಗಾಗಿ ಪ್ರಾರ್ಥಿಸಿ, ಮರುದಿನ ಅವರ ಮನೆಯ ಮೆಟ್ಟಿಲು ಹತ್ತಿ. ಧ್ಯಾನ ಫಲ ಕೊಟ್ಟಿದೆಯೆಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಆರೋಗ್ಯ ಮಾತೆಯ ಬಿನ್ನಹದ ಮೂಲಕ ಪ್ರಭು ನಮ್ಮ ಕಿವಿಗಳನ್ನೂ ನಮ್ಮ ಮನೆಬಾಗಿಲುಗಳನ್ನೂ ತೆರೆಯಲಿ.